ಬ್ಯಾಟ್‌ಮ್ಯಾನ್ ಆಲ್ಫ್ರೆಡ್‌ಗೆ ‘ನೀವು’ ಅನ್ನಬೇಕೆ?

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಓಣಿಯೊಂದರಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಗೃಹಪ್ರವೇಶದ ಆಮಂತ್ರಣ ಇವೇ ನನ್ನ ಹೊಟ್ಟೆಪಾಡು. ಕಾಮಿಕ್ಸ್ ಮಾತ್ರ ಹುಡುಗತನದಿಂದ ಅಂಟಿಕೊಂಡ ಚಟ. ಸೊಲ್ಲಾಪುರ–ವಾಡಿ ಮಾರ್ಗದ ರೈಲುಗಳು ನಿಲ್ಲುವ ನಮ್ಮ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಆಗ ಹಿಂದಿ ಕಾಮಿಕ್ಸ್‌ನ ನಾಯಕರಾದ ನಾಗರಾಜನೂ ಧ್ರುವನೂ ಸಿಗುತ್ತಿದ್ದರು. ಇಂಗ್ಲಿಷಿನ ಸೂಪರ್‌ಹೀರೋಗಳು ನನಗೆ ಸಿಕ್ಕಿದ್ದು ಬಹಳ ತಡವಾಗಿ, ಅಂಚೆಯ ಪಾರ್ಸೆಲ್ಲುಗಳಲ್ಲಿ ಮತ್ತು ಹೈದರಾಬಾದಿಗೆ ಹೋದಾಗ ಕೊಂಡು ತಂದ ಸಂಪುಟಗಳಲ್ಲಿ. ಇತ್ತೀಚಿನ ಕೆಲವು ಕಾಮಿಕ್ಸ್‌ಗಳ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯಗಳು ಮೂಡಿದ್ದು ಓದಿದ್ದರಿಂದಲ್ಲ, ಅವುಗಳೊಳಗೆ ಕನ್ನಡದ ಮಾತು ಕೂರಿಸಲು ಹೋಗಿ ಪಟ್ಟ ಪಾಡಿನಿಂದ.

ಕನ್ನಡ ಮಾಧ್ಯಮದಲ್ಲಿ ಓದುವ ನನ್ನ ಸೋದರಳಿಯ ಬೇಸಿಗೆ ರಜೆಗೆ ಆಳಂದದಿಂದ ಬಂದಿದ್ದಾಗ ಈ ಕೆಲಸ ಶುರುವಾಯಿತು. ಅವನು ಚಿತ್ರಗಳನ್ನು ನುಂಗುವಂತೆ ನೋಡುತ್ತಿದ್ದ, ಆದರೆ ಮಾತುಗಳ ಮುಂದೆ ನಿಂತುಬಿಡುತ್ತಿದ್ದ. ಮಾತಿನ ಗುಳ್ಳೆಯ ಅಳತೆಗೆ ಬಿಳಿ ಕಾಗದದ ಚೀಟಿ ಕತ್ತರಿಸಿ, ಅದರ ಮೇಲೆ ಕನ್ನಡ ಮುದ್ರಿಸಿ, ಪುಟದ ಮೇಲೆ ಅಂಟಿಸಿ ಕೊಟ್ಟರಾಯಿತೆಂದು ಲೆಕ್ಕ ಹಾಕಿದೆ. ಮೊದಲ ದಿನ ಅಂಗಡಿಯ ಮಾಮೂಲಿ ಗೋಂದನ್ನೇ ಬಳಸಿದ್ದರಿಂದ ನುಣುಪು ಕಾಗದದ ನಾಲ್ಕು ಪುಟಗಳು ಉಬ್ಬಿ ಒಂದಕ್ಕೊಂದು ಕಚ್ಚಿಕೊಂಡವು. ಆ ಪುಸ್ತಕ ಇಂದಿಗೂ ನೋಡಿದಾಗಲೆಲ್ಲ ಹೊಟ್ಟೆ ಉರಿಸುತ್ತದೆ. ಆಮೇಲೆ, ಕಿತ್ತರೂ ಗುರುತು ಉಳಿಸದಂತಹ ಹಗುರ ಅಂಟಿನ ಟೇಪಿಗೆ ಬಂದೆ.

ಅಂಟಿಗಿಂತ ಅಕ್ಷರ ಹೆಚ್ಚು ಕಾಡಿತು. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಸಾಮಾನ್ಯವಾಗಿ ಎಲ್ಲವೂ ದೊಡ್ಡಕ್ಷರಗಳು. ಮೇಲೆ ಕೊಂಬಿಲ್ಲ, ಕೆಳಗೆ ಬಾಲವಿಲ್ಲ, ಹೀಗಾಗಿ ಸಾಲುಗಳನ್ನು ಇಟ್ಟಿಗೆಯಂತೆ ಒತ್ತಿ ಜೋಡಿಸಬಹುದು. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ‘ರಾಷ್ಟ್ರ’ ಎಂಬ ಒಂದು ಪದ ಬಂದರೆ ಸಾಕು, ಕೆಳಗಿನ ಸಾಲಿನ ತಲೆ ಕೆಡುತ್ತದೆ. ಹತ್ತು ಪಾಯಿಂಟ್ ಅಕ್ಷರಕ್ಕೆ ಹದಿನೈದು ಪಾಯಿಂಟ್ ಸಾಲಂತರ ಕೊಟ್ಟ ಮೇಲಷ್ಟೇ ಅದು ಓದುವಂತಾಯಿತು, ಅಂದರೆ ಇಂಗ್ಲಿಷಿನ ಐದು ಸಾಲಿನ ಜಾಗದಲ್ಲಿ ನನಗೆ ದಕ್ಕಿದ್ದು ಮೂರೇ ಸಾಲು. ಅಲ್ಲಿ ನನ್ನ ಕೈಹಿಡಿದದ್ದು ನಮ್ಮ ಭಾಗದ ಮಾತು. ‘ನನಗೆ ಹೋಗಲು ಸಾಧ್ಯವಿಲ್ಲ’ ಎಂಬುದು ಗುಳ್ಳೆಯನ್ನು ಒಡೆದು ಹೊರಬರುತ್ತದೆ, ‘ನಾ ಹೋಗಂಗಿಲ್ಲ’ ಎಂಬುದು ಕಾಲು ಚಾಚಿ ಕೂರುತ್ತದೆ. ಇಂಗ್ಲಿಷಿನಲ್ಲಿ ಒತ್ತಿ ಹೇಳಬೇಕಾದ ಪದವನ್ನು ದಪ್ಪಕ್ಷರದಲ್ಲಿ ಹಾಕುತ್ತಾರೆ, ನಮಗೆ ಅದರ ಅಗತ್ಯವೇ ಬೀಳಲಿಲ್ಲ. ‘ನಾನೇ’, ‘ನೀನೂ’ ಎಂದು ಕೊನೆಯ ಸ್ವರ ಬದಲಿಸಿದರೆ ಒತ್ತು ತಾನಾಗಿ ಬೀಳುತ್ತದೆ. ಸ್ಪೈಡರ್‌ಮ್ಯಾನ್ ಬಲೆ ಎಸೆಯುವ ಸದ್ದಿಗೆ ‘ಸರ್ರ್’ ಎಂದು ಬರೆದದ್ದಕ್ಕೆ ಮಾತ್ರ ಅಳಿಯ ಇನ್ನೂ ಒಪ್ಪಿಲ್ಲ.

ನಿಜವಾದ ಸಿಕ್ಕು ಎದುರಾದದ್ದು ‘ಅಬ್ಸೊಲ್ಯೂಟ್ ಬ್ಯಾಟ್‌ಮ್ಯಾನ್’ ಸರಣಿಯಲ್ಲಿ. ಸ್ಕಾಟ್ ಸ್ನೈಡರ್ ಬರೆದು ನಿಕ್ ಡ್ರಗೋಟಾ ಚಿತ್ರಿಸಿ, ಡಿಸಿ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಆರಂಭಿಸಿದ ಈ ಸರಣಿಯಲ್ಲಿ ಬ್ಯಾಟ್‌ಮ್ಯಾನ್ ಆಗುವ ಬ್ರೂಸ್ ವೇಯ್ನ್ ಸಿರಿವಂತನಲ್ಲ. ಬಂಗಲೆಯಿಲ್ಲ, ಮನೆಯಾಳುಗಳಿಲ್ಲ, ತಾಯಿ ಬದುಕಿದ್ದಾಳೆ, ಅವನದು ಎಂಜಿನಿಯರಿಂಗ್ ವೃತ್ತಿ, ಎದೆಯ ಮೇಲಿನ ಬಾವಲಿಯ ಗುರುತೇ ಕಳಚಿ ಕೊಡಲಿಯ ಅಲಗಾಗುತ್ತದೆ. ಆಲ್ಫ್ರೆಡ್ ಇಲ್ಲಿ ಮನೆಯ ಸೇವಕನಲ್ಲ, ಬ್ರಿಟಿಷ್ ಗುಪ್ತಚರ. ಹಳೆಯ ಕಥೆಯಾಗಿದ್ದರೆ ಆಲ್ಫ್ರೆಡ್‌ನ ಬಾಯಲ್ಲಿ ಧಣಿಗೆ ‘ನೀವು’ ಎಂದೂ, ತನ್ನನ್ನು ಸಾಕಿದ ಮುದುಕನಿಗೆ ಬ್ರೂಸ್ ‘ನೀನು’ ಎಂದೂ ಕಣ್ಣು ಮುಚ್ಚಿ ಬರೆಯಬಹುದಿತ್ತು. ಇಲ್ಲಿ ಕೂಲಿಯ ಸಂಬಂಧವೂ ಇಲ್ಲ, ಸಾಕಿದ ಸಂಬಂಧವೂ ಇಲ್ಲ, ಒಬ್ಬರನ್ನೊಬ್ಬರು ಅಳೆಯುತ್ತಿರುವ ಇಬ್ಬರು ಗಂಡಸರು ಮಾತ್ರ ಇದ್ದಾರೆ. ಇಂಗ್ಲಿಷಿನ ‘ಯೂ’ ಈ ಪ್ರಶ್ನೆಯನ್ನು ಚಾಪೆಯ ಕೆಳಗೆ ತಳ್ಳಿ ಮುಂದೆ ಹೋಗುತ್ತದೆ, ಕನ್ನಡದಲ್ಲಿ ಮೊದಲ ಗುಳ್ಳೆಯಲ್ಲೇ ಇತ್ಯರ್ಥ ಮಾಡಬೇಕು. ಎರಡು ರಾತ್ರಿ ಯೋಚಿಸಿ, ಮೊದಲಿಗೆ ಇಬ್ಬರಿಗೂ ಅಪರಿಚಿತರ ‘ನೀವು’ ಕೊಟ್ಟು, ನಂಟು ಬಿಗಿಯಾಗುತ್ತ ಹೋದಂತೆ ಆಲ್ಫ್ರೆಡ್‌ನ ಮಾತನ್ನಷ್ಟೇ ‘ನೀನು’ವಿಗೆ ಇಳಿಸಿದೆ. ಹಾಗೆ ಇಳಿಸಲು ಕಥೆಯಲ್ಲಿ ಜಾಗವಿತ್ತು ಎಂಬುದೇ ಆ ಸರಣಿಯ ಬಗೆಗಿನ ನನ್ನ ಮೆಚ್ಚುಗೆ. ಹಣ ಕಿತ್ತುಕೊಂಡ ಉಪಾಯವನ್ನು ಎಲ್ಲರೂ ಹೊಗಳುತ್ತಾರೆ. ಹಣದ ಜೊತೆಗೆ ಸಂಬಂಧಗಳ ಮರ್ಯಾದೆಯೂ ಬದಲಾಗಬೇಕೆಂದು ಬರಹಗಾರ ಅರಿತಿರುವುದು ನನಗೆ ಹೆಚ್ಚು ಮುಖ್ಯವಾಗಿ ಕಂಡಿತು.

ಅಂದಿನಿಂದ ಇದೇ ನನ್ನ ಒರೆಗಲ್ಲು. ಹತ್ತಾರು ನಾಯಕರನ್ನು ಒಂದೇ ಪುಟಕ್ಕೆ ತುಂಬಿ, ಪೂರ್ತಿ ಕಥೆ ಬೇಕಾದರೆ ಇನ್ನೂ ಆರು ಸರಣಿ ಕೊಳ್ಳಿರೆಂದು ದುಂಬಾಲು ಬೀಳುವ ಮಹಾಸಮರದ ಪುಸ್ತಕಗಳಲ್ಲಿ ಯಾರು ಯಾರಿಗೆ ‘ನೀವು’ ಅನ್ನಬೇಕೆಂದು ನನಗೆ ತಿಳಿಯುವುದೇ ಇಲ್ಲ, ಏಕೆಂದರೆ ಅಲ್ಲಿ ಎಲ್ಲರೂ ಒಬ್ಬನೇ ಮನುಷ್ಯನಂತೆ ಮಾತಾಡುತ್ತಾರೆ. ಗುಳ್ಳೆಗಳ ಬಾಲ ಅದಲುಬದಲು ಮಾಡಿದರೂ ಯಾರಿಗೂ ಗೊತ್ತಾಗದು. ಅಂಥವುಗಳಿಗೆ ಚೀಟಿ ಕತ್ತರಿಸುವುದನ್ನು ಬಿಟ್ಟುಬಿಟ್ಟಿದ್ದೇನೆ.

ಜೊನಾಥನ್ ಹಿಕ್‌ಮನ್ ಬರೆದು ಮಾರ್ಕೊ ಕೆಕೆಟ್ಟೊ ಚಿತ್ರಿಸಿದ, 2024ರ ಜನವರಿಯಲ್ಲಿ ಆರಂಭವಾದ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ಇದಕ್ಕೆ ತದ್ವಿರುದ್ಧ. ಇಲ್ಲಿ ಪೀಟರ್ ಎರಡು ಮಕ್ಕಳ ತಂದೆಯಾದ ಮೇಲೆ ಜೇಡನ ಶಕ್ತಿ ಪಡೆಯುತ್ತಾನೆ. ಊಟದ ಮೇಜಿನ ಮಾತುಗಳು ಪುಟಗಟ್ಟಲೆ ಇವೆ. ಮೇರಿ ಜೇನ್ ಗಂಡನಿಗೆ ‘ರೀ’ ಎನ್ನಬೇಕೋ ‘ನೀ’ ಎನ್ನಬೇಕೋ ಎಂದು ಕೇಳಿದಾಗ ನನ್ನ ಹೆಂಡತಿ, ‘ಅಕಿ ಮುಖ ನೋಡ್ರಿ, ರೀ ಅನ್ನೋ ಪೈಕಿ ಕಾಣ್ತಾಳೇನು?’ ಎಂದಳು. ಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆಂದು ನನಗೆ ಅನಿಸುವುದಿಲ್ಲ. ಹಳೆಯ ಕಥೆಯಲ್ಲಿ ಸಾಯುವ ಪೀಟರನ ಅಂಕಲ್ ಬೆನ್ ಇಲ್ಲಿ ಬದುಕಿದ್ದು, ಪತ್ರಿಕಾ ಸಂಪಾದಕ ಜೇಮ್ಸನ್ ಜೊತೆ ಹೊಸ ಪತ್ರಿಕೆ ಕಟ್ಟಲು ಹೊರಡುವ ಭಾಗ ಅಚ್ಚಿನ ಮಸಿ ಮುಟ್ಟಿದ ನನ್ನಂಥವನಿಗೆ ಹೊಡೆದಾಟಕ್ಕಿಂತ ರುಚಿಸಿತು. ಅಳಿಯ ಮಾತ್ರ ಆ ಪುಟಗಳನ್ನು ಹಾರಿಸಿದ.

ಸ್ವತಂತ್ರ ಕಾಮಿಕ್ಸ್‌ಗಳಲ್ಲಿ ನನ್ನನ್ನು ಸೋಲಿಸಿದ್ದು ‘ದಿ ಮೆನಿ ಡೆತ್ಸ್ ಆಫ್ ಲೈಲಾ ಸ್ಟಾರ್’. ಮುಂಬೈಯಲ್ಲಿ ಹುಟ್ಟಿದ ರಾಮ್ ವಿ ಬರೆದು, ಫಿಲಿಪೆ ಆಂಡ್ರಾಡೆ ಚಿತ್ರಿಸಿದ ಐದು ಸಂಚಿಕೆಗಳ ಈ ಕಥೆ 2021ರಲ್ಲಿ ಬಂತು. ಸಾವನ್ನೇ ಇಲ್ಲವಾಗಿಸಬಲ್ಲ ದಾರಿಯಸ್ ಎಂಬ ಮಗುವೊಂದು ಮುಂಬೈಯಲ್ಲಿ ಹುಟ್ಟುವುದರಿಂದ ಮೃತ್ಯುದೇವತೆ ಕೆಲಸ ಕಳೆದುಕೊಂಡು, ಲೈಲಾ ಎಂಬ ತರುಣಿಯ ದೇಹದಲ್ಲಿ ಭೂಮಿಗೆ ಬೀಳುತ್ತಾಳೆ. ಅವಳು ಮತ್ತೆ ಮತ್ತೆ ಸತ್ತು ಏಳುವಷ್ಟರಲ್ಲಿ ವರ್ಷಗಳು ಕಳೆದುಹೋಗಿ, ಮಗು ಹುಡುಗನಾಗಿ, ಯುವಕನಾಗಿ, ಮುದುಕನಾಗುತ್ತದೆ. ಅವಳು ಮಾತ್ರ ಮೊದಲಿನಂತೆಯೇ ಇರುತ್ತಾಳೆ. ಈಗ ಹೇಳಿ, ಕೊನೆಯ ಸಂಚಿಕೆಯಲ್ಲಿ ತರುಣಿಯ ರೂಪದ ಆ ದೇವತೆ ನರೆತ ದಾರಿಯಸ್‌ಗೆ ಏನೆನ್ನಬೇಕು? ಲೋಕದ ಲೆಕ್ಕದಲ್ಲಿ ಅವನು ಅಜ್ಜ, ಅವಳ ಲೆಕ್ಕದಲ್ಲಿ ನಿನ್ನೆ ಮೊನ್ನೆಯ ಕೂಸು. ನಾನು ಕೊನೆಯವರೆಗೂ ಅವಳ ಬಾಯಲ್ಲಿ ‘ನೀನು’ ಇಟ್ಟೆ, ಅವನ ಬಾಯಲ್ಲಿ ಚಿಕ್ಕಂದಿನ ‘ನೀವು’ವನ್ನು ನಡುವಯಸ್ಸಿನಲ್ಲಿ ‘ನೀನು’ ಮಾಡಿ, ಮುಪ್ಪಿನಲ್ಲಿ ಮತ್ತೆ ‘ನೀವು’ವಿಗೆ ತಂದೆ. ಆ ಕೊನೆಯ ‘ನೀವು’ ಅಂಟಿಸುವಾಗ ಕೈ ನಿಂತಿತು, ಸುಳ್ಳು ಹೇಳುವುದಿಲ್ಲ. ಐದೇ ಸಂಚಿಕೆಯಲ್ಲಿ ಮುಗಿಯುವುದೂ ಅದರ ಬಲ. ತಿಂಗಳು ತಿಂಗಳು ಮಾರಾಟವಾಗಲೇಬೇಕಾದ ಸೂಪರ್‌ಹೀರೋನಿಗೆ ಅಂಥ ಮುಪ್ಪನ್ನು ಯಾರೂ ಕೊಡುವುದಿಲ್ಲ.

‘ಸಾಗಾ’ ದೊಡ್ಡವರ ಪುಸ್ತಕವಾದ್ದರಿಂದ ಅದನ್ನು ಅಳಿಯನ ಕೈಗೆ ಸಿಗದಂತೆ ಲಗ್ನಪತ್ರಿಕೆಯ ಮಾದರಿಗಳ ಹಿಂದೆ ಇಟ್ಟಿದ್ದೇನೆ. 2012ರಲ್ಲಿ ಆರಂಭವಾಗಿ, 2018ರಿಂದ 2022ರವರೆಗೆ ನಿಂತಿದ್ದು ಮತ್ತೆ ಮುಂದುವರಿದ ಈ ಸರಣಿಯಲ್ಲಿ ಹೇಜಲ್ ಹೇಳುವ ನಿರೂಪಣೆಗೆ ಗುಳ್ಳೆಯೂ ಇಲ್ಲ, ಚೌಕವೂ ಇಲ್ಲ. ಚಿತ್ರಕಾರ್ತಿ ಫಿಯೋನಾ ಸ್ಟೇಪಲ್ಸ್ ಅದನ್ನು ತಮ್ಮ ಕೈಬರಹದಲ್ಲೇ ಚಿತ್ರದ ಮೇಲೆ ಬರೆಯುತ್ತಾರೆ. ಅದನ್ನು ಮುಚ್ಚುವ ಚೀಟಿ ಯಾವ ಅಂಗಡಿಯಲ್ಲೂ ಇಲ್ಲ.

ನಮ್ಮ ದೇಶದ್ದೇ ಆದ ‘ಭೀಮಾಯಣ’ಕ್ಕೂ ಚೀಟಿ ಕತ್ತರಿಸಲು ಕುಳಿತು ಕತ್ತರಿ ಕೆಳಗಿಟ್ಟೆ. ಅಂಬೇಡ್ಕರರ ಬದುಕನ್ನು ಹೇಳುವ ಈ 2011ರ ಪುಸ್ತಕದಲ್ಲಿ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಚಿತ್ರಗಳನ್ನು ಚೌಕಗಳಲ್ಲಿ ಕೂಡಿಹಾಕಿಲ್ಲ. ಮೃದುವಾದ ಮಾತಿನ ಗುಳ್ಳೆಗೆ ಹಕ್ಕಿಯ ಆಕಾರವಿದೆ, ಚುಚ್ಚುವ ಮಾತಿನ ಗುಳ್ಳೆಗೆ ಚೇಳಿನ ಕೊಂಡಿಯಿದೆ. ಬಾಲಕ ಭೀಮನಿಗೆ ನೀರು ನಿರಾಕರಿಸುವವರ ಮಾತನ್ನು ನಾನು ‘ನೀನು’ ಎಂದು ಬರೆಯಲಿ, ‘ಲೇ’ ಎಂದು ಬರೆಯಲಿ, ಕೊಂಡಿ ಆಗಲೇ ಎಲ್ಲವನ್ನೂ ಹೇಳಿಯಾಗಿದೆ. ಅಳಿಯ ಆ ಪುಟಗಳನ್ನು ಇಂಗ್ಲಿಷಿನಲ್ಲೇ ಬಿಟ್ಟು ಬರೀ ಗುಳ್ಳೆಗಳ ಆಕಾರ ನೋಡುತ್ತ ಓದಿ ಮುಗಿಸಿದ.

ಸದ್ಯಕ್ಕೆ ಕೆಲ್ಲಿ ಥಾಂಪ್ಸನ್ ಬರೆದ, ಹೇಡನ್ ಶೆರ್ಮನ್ ಚಿತ್ರಿಸಿದ ‘ಅಬ್ಸೊಲ್ಯೂಟ್ ವಂಡರ್ ವುಮನ್’ ಮೇಜಿನ ಮೇಲಿದೆ. ಅಮೆಜಾನರೆಂಬ ಯೋಧೆಯರ ದ್ವೀಪದಲ್ಲಿ ಬೆಳೆಯಬೇಕಿದ್ದ ಡಯಾನಾಳನ್ನು, ಅಂದರೆ ವಂಡರ್ ವುಮನ್‌ಳನ್ನು, ಇಲ್ಲಿ ಮಾಟಗಾತಿ ಸರ್ಸಿ ನರಕದಲ್ಲಿ ಸಾಕುತ್ತಾಳೆ. ಭಯ ಹುಟ್ಟಿಸುವ ಆ ಹೆಂಗಸಿಗೆ ಡಯಾನಾ ‘ನೀವು’ ಅನ್ನುವುದೇ ಸರಿಯೆಂದು ನಾನು ಹದಿನೆಂಟು ಚೀಟಿ ಮುದ್ರಿಸಿಟ್ಟಿದ್ದೆ. ಅಳಿಯ ಅವನ್ನು ನೋಡಿ, ‘ಮಾಮಾ, ಅವ್ವಗ ಯಾರರ ನೀವು ಅಂತಾರೇನು?’ ಎಂದು ಕೇಳಿದ. ಹದಿನೆಂಟನ್ನೂ ಮತ್ತೆ ಮುದ್ರಿಸಿದೆ.