ಸಣ್ಣ ತಳಿಯ ಮೊಲ ಮರಿ ಹಾಕುವಾಗ ಸಿಕ್ಕಿಕೊಂಡರೆ: ನನ್ನ ಅನುಭವ

ಅವತ್ತು ನನ್ನ ಮೊಲ ಚುಕ್ಕಿ ಗಬ್ಬವಾಗಿ 32ನೇ ದಿನ. ಬೆಳಗಿನ ಜಾವ ಎದ್ದು ನೋಡಿದರೆ ಪೆಟ್ಟಿಗೆ ತುಂಬ ತುಪ್ಪಟ ಕಿತ್ತು ಹಾಸಿದ್ದಳು. ಮರಿ ಮಾತ್ರ ಒಂದೂ ಇರಲಿಲ್ಲ. ಪೆಟ್ಟಿಗೆಯೊಳಗೆ ಕೂತು ಬೆನ್ನು ಗೂನು ಮಾಡಿ ತಿಣುಕುವುದು, ಎದ್ದು ಹೊರಗೆ ಬರುವುದು, ಮತ್ತೆ ಒಳಗೆ ಹೋಗುವುದು. ಮೊಲಕ್ಕೆ ಮರಿ ಹಾಕುವಾಗ ಯಾರೂ ಹತ್ತಿರ ಇರಬಾರದು, ಗಾಬರಿಯಾಗುತ್ತದೆ ಅಂತ ನಾನು ಕೇಳಿದ್ದೆ. ಹಾಗಾಗಿ ಬಟ್ಟೆ ಮುಚ್ಚಿ ಸುಮ್ನೆ ಬಿಟ್ಟೆ. ಮಧ್ಯಾಹ್ನ ನೋಡಿದಾಗ ಹಿಂದೆ ಹಸಿರು ಬೆರೆತ ಕಂದು ಬಣ್ಣದ ನೀರು ಅಂಟಿತ್ತು. ಅವಳು ತಿಣುಕುವುದನ್ನೂ ನಿಲ್ಲಿಸಿದ್ದಳು. ಸಂಜೆ ಡಾಕ್ಟರ್ ಹತ್ತಿರ ಒಯ್ದೆ. ಒಳಗೆ ಇದ್ದದ್ದು ಒಂದೇ ಮರಿ, ದಪ್ಪ ತಲೆ, ಸೊಂಟದ ಎಲುಬಿನ ನಡುವೆ ಸಿಕ್ಕಿಕೊಂಡು ಸತ್ತಿತ್ತು. ಅದನ್ನು ಹೊರಗೆ ತೆಗೆದರು. ಚುಕ್ಕಿ ಆ ರಾತ್ರಿಯೇ ಹೋದಳು.

ನಾನು ಹತ್ತು ತಾಸು ಕಾದಿದ್ದೆ. ಆ ಹತ್ತು ತಾಸು ಇವತ್ತಿಗೂ ಮನಸ್ಸಿನಲ್ಲಿದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಆರೋಗ್ಯವಾಗಿರುವ ಮೊಲ ಮರಿ ಹಾಕುವುದು ಬಹಳ ಬೇಗ ಮುಗಿಯುತ್ತದೆ. ಹೆಚ್ಚಿನ ಸಲ ಅರ್ಧ ಗಂಟೆ ಸಾಕು. ಒಂದೊಂದೇ ಮರಿ ಬರುತ್ತದೆ, ತಾಯಿ ನೆಕ್ಕಿ ಒರೆಸುತ್ತಾಳೆ, ಮಾಸನ್ನು ತಿನ್ನುತ್ತಾಳೆ, ತುಪ್ಪಟ ಮುಚ್ಚಿ ಎದ್ದು ಹೋಗುತ್ತಾಳೆ. ತಲೆ ಮೊದಲು ಬಂದರೂ ಹಿಂಗಾಲು ಮೊದಲು ಬಂದರೂ ಮೊಲಕ್ಕೆ ಎರಡೂ ಸಹಜವೇ. ಹಿಂಗಾಲು ಕಂಡ ತಕ್ಷಣ ಹೆದರಬೇಕಿಲ್ಲ.

ದೊಡ್ಡ ತಳಿಗಳಲ್ಲಿ ತೊಂದರೆ ಅಪರೂಪ. ನೆದರ್ಲೆಂಡ್ ಡ್ವಾರ್ಫ್, ಹಾಲೆಂಡ್ ಲಾಪ್ ತರಹದ ಸಣ್ಣ ತಳಿಗಳಲ್ಲಿ ಲೆಕ್ಕವೇ ಬೇರೆ. ತಾಯಿಯ ತೂಕ ಎರಡು ಕಿಲೋ ಒಳಗೇ, ಸೊಂಟ ಕಿರಿದು. ಈ ತಳಿಗಳಲ್ಲಿ ನಾವು ಇಷ್ಟಪಡುವ ಆ ಗುಂಡು ಮುಖವೇ ಮರಿ ಹೊರಗೆ ಬರುವಾಗ ಅಡ್ಡ ಬರುತ್ತದೆ. ಜೊತೆಗೆ ಒಂದು ಸಲಕ್ಕೆ ಎರಡು, ಮೂರು, ನಾಲ್ಕು ಮರಿ ಅಷ್ಟೇ. ಒಂದೇ ಮರಿ ಇದ್ದರೆ ಜಾಗವೂ ಆಹಾರವೂ ಅದಕ್ಕೇ ಸಿಕ್ಕು ಜಾಸ್ತಿ ಬೆಳೆಯುತ್ತದೆ. ಮರಿ ಕಡಿಮೆ ಇದ್ದಾಗ ದಿನವೂ ಮುಂದಕ್ಕೆ ಹೋಗುವುದುಂಟು. ಒಂದೊಂದು ದಿನ ಹೆಚ್ಚಾದಂತೆ ಮರಿ ಇನ್ನೂ ದಪ್ಪವಾಗುತ್ತದೆ. ಚುಕ್ಕಿಗೆ ಆದದ್ದು ಇದೇ. ಅದರ ಮೇಲೆ ಅವಳಿಗೆ ಒಂದೂವರೆ ವರ್ಷ, ಅದು ಮೊದಲ ಗಬ್ಬ, ಮೈಯಲ್ಲಿ ಕೊಬ್ಬೂ ಇತ್ತು. ಬೇರೆ ಮೊಲಗಳಿಗಿಂತ ಚೆಂದ ಇದ್ದಾಳೆ ಅಂತ ಅವಳನ್ನೇ ಆರಿಸಿದ್ದೆ. ಆಯ್ಕೆಯಲ್ಲೇ ತಪ್ಪಾಗಿತ್ತು.

ಆಮೇಲೆ ಈ ತಳಿಗಳನ್ನು ಕುಳ್ಳಾಗಿಸುವ ಡ್ವಾರ್ಫ್ ಜೀನ್ ಬಗ್ಗೆ ಸರಿಯಾಗಿ ತಿಳಿದುಕೊಂಡೆ. ತಂದೆ ತಾಯಿ ಇಬ್ಬರಲ್ಲೂ ಆ ಜೀನ್ ಒಂದೊಂದು ಇದ್ದರೆ, ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಎರಡೂ ಕಡೆಯಿಂದ ಅದೇ ಜೀನ್ ಬರುವ ಸಾಧ್ಯತೆ ಇರುತ್ತದೆ. ಅಂಥ ಮರಿಯನ್ನು ಸಾಕುವವರು ಪೀನಟ್ ಅನ್ನುತ್ತಾರೆ. ಮೈ ತೀರಾ ಸಣ್ಣದು, ತಲೆ ಊದಿದ ಹಾಗೆ, ಕಿವಿ ಚಿಕ್ಕದು, ಸೊಂಟದ ಕಡೆ ಸೊರಗಿರುತ್ತದೆ. ಏನೇ ಮಾಡಿದರೂ ಕೆಲವೇ ದಿನಗಳಲ್ಲಿ ಸಾಯುತ್ತದೆ. ಇನ್ನೊಂದು ನಾಲ್ಕನೇ ಪಾಲು ಮರಿಗಳಿಗೆ ಆ ಜೀನ್ ಬರುವುದೇ ಇಲ್ಲ. ಅವು ಸ್ವಲ್ಪ ಉದ್ದ ಮೈ, ಉದ್ದ ಕಿವಿಯವು. ಪ್ರದರ್ಶನಕ್ಕೆ ಆಗುವುದಿಲ್ಲ ಅಂತ ಇವನ್ನು ಕೊಟ್ಟುಬಿಡುವವರೇ ಜಾಸ್ತಿ. ನನ್ನ ಮಟ್ಟಿಗೆ ಮರಿ ಹಾಕಿಸಲು ಇವೇ ಸರಿಯಾದ ಹೆಣ್ಣುಗಳು. ಸೊಂಟ ಅಗಲ, ಮರಿಗಳೂ ಹೆಚ್ಚು. ಡ್ವಾರ್ಫ್ ಗಂಡಿನ ಜೊತೆ ಬಿಟ್ಟರೂ ಪೀನಟ್ ಹುಟ್ಟುವುದಿಲ್ಲ. ಚುಕ್ಕಿಯ ನಂತರ ತೀರಾ ಚಿಕ್ಕ ಹೆಣ್ಣನ್ನು ನಾನು ಗಂಡಿನ ಹತ್ತಿರ ಬಿಟ್ಟೇ ಇಲ್ಲ.

ವಯಸ್ಸಿನ ವಿಷಯದಲ್ಲೂ ಈಗ ಗಟ್ಟಿಯಾಗಿದ್ದೇನೆ. ಮೊದಲ ಗಬ್ಬ ಆರು ತಿಂಗಳ ಸುಮಾರಿಗೆ ಆಗಬೇಕು. ವರ್ಷ ದಾಟಿದ, ಒಮ್ಮೆಯೂ ಮರಿ ಹಾಕದ ಹೆಣ್ಣಿನ ಮೇಲೆ ಆಸೆ ಇಟ್ಟುಕೊಳ್ಳುವುದಿಲ್ಲ. ಬೆನ್ನ ಮೇಲೆ ಕೈಯಾಡಿಸಿದಾಗ ಎಲುಬು ಕೈಗೆ ಸಿಗಬೇಕು, ಚುಚ್ಚಬಾರದು. ಕೊಬ್ಬಿದ ಮೊಲಕ್ಕೆ ಗಬ್ಬದ ಕೊನೆಯ ವಾರ ಇನ್ನೊಂದು ಅಪಾಯವೂ ಇದೆ. ಅವಳು ತಿನ್ನುವುದು ಬಿಟ್ಟರೆ ಮೈಯ ಕೊಬ್ಬು ಒಮ್ಮೆಲೇ ಕರಗಿ ರಕ್ತ ಕೆಡುತ್ತದೆ, ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು. ಹಾಗಾಗಿ ತೂಕ ಇಳಿಸುವುದಿದ್ದರೆ ಗಂಡಿನ ಹತ್ತಿರ ಬಿಡುವ ಮೊದಲೇ ಇಳಿಸಬೇಕು. ಗಬ್ಬದಲ್ಲಿ ಪಥ್ಯ ಬೇಡ.

ಗಂಡಿನ ಹತ್ತಿರ ಬಿಟ್ಟ ತಾರೀಖನ್ನು ಪೆಟ್ಟಿಗೆಯ ಮೇಲೇ ಬರೆಯುತ್ತೇನೆ. 12ನೇ ದಿನದ ಸುಮಾರಿಗೆ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ ನೋಡುತ್ತೇನೆ. ಮರಿಗಳು ದ್ರಾಕ್ಷಿ ಗಾತ್ರದ ಮೆತ್ತನೆ ಉಂಡೆಗಳ ಹಾಗೆ ಬೆರಳಿಗೆ ಜಾರುತ್ತವೆ. ಹಿಕ್ಕೆ ಆದರೆ ಚಿಕ್ಕದು, ಗಟ್ಟಿ. ಒಂದೇ ಉಂಡೆ ಸಿಕ್ಕರೆ ಆಗಲೇ ಗುರುತು ಹಾಕಿಕೊಳ್ಳುತ್ತೇನೆ. 28ನೇ ದಿನ ಹುಲ್ಲು ತುಂಬಿದ ಪೆಟ್ಟಿಗೆ ಇಡುತ್ತೇನೆ. 31ನೇ ದಿನದಿಂದ ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಗಿನ ಜಾವ ಒಮ್ಮೆ ನೋಡುತ್ತೇನೆ. 32 ಮುಗಿದು ಮರಿ ಬರದಿದ್ದರೆ ನೋವು ಶುರುವಾಗಲಿ ಬಿಡಲಿ, ಡಾಕ್ಟರಿಗೆ ಫೋನು ಮಾಡುತ್ತೇನೆ. ಮೊಲ ನೋಡುವ ಡಾಕ್ಟರ್ ಯಾರು, ರಾತ್ರಿ ಸಿಗುತ್ತಾರಾ ಅನ್ನುವುದನ್ನು ಗಂಡಿನ ಹತ್ತಿರ ಬಿಡುವ ಮೊದಲೇ ವಿಚಾರಿಸಿಟ್ಟುಕೊಳ್ಳಿ. ನೋವು ಶುರುವಾದ ಮೇಲೆ ಹುಡುಕಲು ಹೊರಟರೆ ಆಗುವುದಿಲ್ಲ.

ಬೂದಿ ಅನ್ನುವ ಹಾಲೆಂಡ್ ಲಾಪ್ ಹೆಣ್ಣಿಗೆ ನಾನೇ ಕೈ ಹಾಕಬೇಕಾಗಿ ಬಂತು. ಎರಡು ಮರಿ ಸಲೀಸಾಗಿ ಬಂದವು. ಮೂರನೆಯದರ ಹಿಂಗಾಲು, ಸೊಂಟ ಹೊರಗೆ ಬಂದು ತಲೆ ಒಳಗೇ ನಿಂತಿತು. ಅವಳು ಅದನ್ನು ಎಳೆದುಕೊಂಡೇ ಪೆಟ್ಟಿಗೆಯಿಂದ ಹೊರಗೆ ಜಿಗಿದಳು. ಡಾಕ್ಟರಿಗೆ ಫೋನು ಮಾಡಿದೆ. ಅರ್ಧ ಮರಿ ಹೊರಗಿದೆ, ಇಲ್ಲಿಗೆ ತರುವಷ್ಟು ಹೊತ್ತಿಲ್ಲ ಅಂತ ಹೇಳಿ, ಫೋನಿನಲ್ಲೇ ಒಂದೊಂದಾಗಿ ಹೇಳಿಕೊಟ್ಟರು. ತಂಗಿ ಅವಳನ್ನು ಟವೆಲ್ ಮೇಲೆ ಹಿಡಿದಳು. ತಲೆ ಮೊಣಕೈ ಸಂದಿಗೆ, ಇನ್ನೊಂದು ಕೈ ಹಿಂಭಾಗಕ್ಕೆ ಆಸರೆ. ಆಸರೆ ಇಲ್ಲದೆ ಹಿಡಿದರೆ ಮೊಲ ಒದ್ದು ತನ್ನ ಬೆನ್ನೆಲುಬನ್ನೇ ಮುರಿದುಕೊಳ್ಳಬಹುದು. ನಾನು ಕೈ ತೊಳೆದು, ಡಾಕ್ಟರ್ ಮೊದಲೇ ಕೊಟ್ಟಿದ್ದ ಜಾರಿಸುವ ಜೆಲ್ ಅನ್ನು ಸುತ್ತ ಧಾರಾಳವಾಗಿ ಹಚ್ಚಿದೆ. ಮರಿ ಜಾರುತ್ತದೆ, ಒಣ ಬಟ್ಟೆಯಲ್ಲಿ ಹಿಡಿಯಬೇಕು. ಕಾಲು ಹಿಡಿದು ಎಳೆದರೆ ಕಿತ್ತು ಬರುತ್ತದೆ, ಸೊಂಟ ಹಿಡಿಯಬೇಕು. ಅವಳು ತಿಣುಕಿದಾಗ ಮಾತ್ರ ನಾನೂ ಎಳೆದೆ, ಅವಳು ನಿಲ್ಲಿಸಿದಾಗ ನಾನೂ ನಿಲ್ಲಿಸಿದೆ. ನೇರ ಹಿಂದಕ್ಕೆ ಎಳೆಯಲಿಲ್ಲ. ಕೆಳಕ್ಕೆ, ಅವಳ ಹೊಟ್ಟೆಯ ಕಡೆಗೆ ಬಾಗಿಸಿ ಎಳೆದೆ. ನಾಲ್ಕನೇ ಸಲಕ್ಕೆ ತಲೆ ಬಿಟ್ಟುಕೊಂಡಿತು.

ಮರಿ ನೀಲಿಯಾಗಿತ್ತು, ಉಸಿರಿರಲಿಲ್ಲ. ಮೂಗು ಬಾಯಿ ಒರೆಸಿ, ಬಟ್ಟೆಯಲ್ಲಿ ಮೈ ಉಜ್ಜುತ್ತಾ ಅಂಗೈಯಲ್ಲಿ ಬಿಸಿ ಕೊಟ್ಟೆ. ಎಷ್ಟೋ ಹೊತ್ತಿನ ಮೇಲೆ ಬಾಯಿ ಒಮ್ಮೆ ತೆರೆಯಿತು. ಆಮೇಲೆ ಇನ್ನೊಮ್ಮೆ. ತಣ್ಣಗಾದ ಮರಿ ಸತ್ತಂತೆಯೇ ಕಾಣುತ್ತದೆ, ದಯವಿಟ್ಟು ಬೆಚ್ಚಗೆ ಮಾಡಿ ನೋಡದೆ ಎಸೆಯಬೇಡಿ.

ಇಷ್ಟು ಹೇಳಿದ್ದರಿಂದ ಕೈ ಹಾಕುವುದು ಸುಲಭ ಅಂದುಕೊಳ್ಳಬೇಡಿ. ಮರಿ ಅರ್ಧ ಹೊರಗೆ ಬಂದು ನಿಂತರೆ ಮಾತ್ರ ಈ ದಾರಿ. ಮರಿ ಕಾಣದಿದ್ದರೆ ಒಳಗೆ ಬೆರಳು ಹಾಕಿ ಹುಡುಕಬಾರದು, ಹೊಟ್ಟೆ ಒತ್ತಬಾರದು. ಜೋರಾಗಿ ತಿಣುಕಲು ಶುರು ಮಾಡಿ ಅರ್ಧ ಗಂಟೆಯಲ್ಲಿ ಏನೂ ಬರದಿದ್ದರೆ, ಮರಿ ಬಾರದೆ ಹಸಿರು, ಕಂದು ನೀರು ಅಥವಾ ರಕ್ತ ಕಂಡರೆ ನೇರ ಡಾಕ್ಟರ್ ಹತ್ತಿರ. ನೋವು ಬರಿಸುವ ಆಕ್ಸಿಟೋಸಿನ್ ಇಂಜೆಕ್ಷನ್ ಅನ್ನು ಮನೆಯಲ್ಲಿ ಕೊಡುವವರನ್ನು ನೋಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಮರಿ ದಾರಿಯಲ್ಲಿ ಸಿಕ್ಕಿಕೊಂಡಿದ್ದರೆ ಆ ಔಷಧಿಗೆ ಗರ್ಭಕೋಶವೇ ಹರಿಯಬಹುದು. ಎಕ್ಸ್‌ರೇಯಲ್ಲಿ ಮರಿ ಎಷ್ಟು, ಹೇಗಿದೆ ಅಂತ ನೋಡಿ, ಬೇಕಿದ್ದರೆ ಮೊದಲು ಕ್ಯಾಲ್ಸಿಯಂ ಕೊಟ್ಟು, ಆಮೇಲೆ ಅದನ್ನು ಕೊಡುವುದು ಡಾಕ್ಟರ್ ಕೆಲಸ.

ಎಲ್ಲ ಮುಗಿದ ಮೇಲೂ ನಾನು ಹೊಟ್ಟೆ ಮುಟ್ಟಿ ನೋಡುತ್ತೇನೆ. ಮೊಲಕ್ಕೆ ಗರ್ಭಕೋಶದಲ್ಲಿ ಎರಡು ಕವಲು, ಎರಡಕ್ಕೂ ಬೇರೆ ಬೇರೆ ಬಾಯಿ. ಹಾಗಾಗಿ ಒಂದು ಮರಿ ಹಿಂದೆ ಉಳಿದುಬಿಡಬಹುದು. ಗಟ್ಟಿ ಉಂಡೆ ಸಿಕ್ಕರೆ, ತಾಯಿ ಮಂಕಾಗಿ ಕೂತರೆ, ಅರ್ಧ ದಿನ ಹುಲ್ಲು ಮುಟ್ಟದಿದ್ದರೆ, ಹಿಕ್ಕೆ ನಿಂತರೆ ಮತ್ತೆ ಡಾಕ್ಟರ್ ಹತ್ತಿರವೇ. ಮನೆಯಲ್ಲಿರುವ ಅಮಾಕ್ಸಿಸಿಲಿನ್ ಆ್ಯಂಟಿಬಯೋಟಿಕ್ ಅನ್ನು ಬಾಯಿಗೆ ಹಾಕಬೇಡಿ. ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಅದು ಮೊಲವನ್ನೇ ಕೊಲ್ಲಬಹುದು.

ಮುತ್ತು ಅನ್ನುವ ಹೆಣ್ಣಿಗೆ ಕೊನೆಗೆ ಆಪರೇಷನ್ನೇ ಮಾಡಿಸಬೇಕಾಯಿತು. ಮತ್ತೆ ಒಂಟಿ ಮರಿ, ಆದರೆ ಈ ಸಲ ತಿಣುಕಲು ಶುರುವಾಗಿ ಒಂದು ಗಂಟೆಯೊಳಗೆ ಮೇಜಿನ ಮೇಲಿದ್ದಳು. ಮೊಲ ವಾಂತಿ ಮಾಡುವುದಿಲ್ಲ, ಹಸಿವಿಟ್ಟು ತರಬೇಡಿ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಗರ್ಭಕೋಶವನ್ನೂ ತೆಗೆಸಿದೆ, ಅವಳಿಗೆ ಇನ್ನೊಮ್ಮೆ ಈ ಪಾಡು ಬೇಡ ಅನ್ನಿಸಿತು. ಮರಿ ಬದುಕಿತ್ತು, ಮುತ್ತುವಿಗೆ ಹಾಲು ಬರಲಿಲ್ಲ.

ಅದಕ್ಕೇ ನಾನು ಯಾವಾಗಲೂ ಇಬ್ಬರು ಹೆಣ್ಣುಗಳನ್ನು ಒಂದೇ ವಾರದಲ್ಲಿ ಗಂಡಿನ ಹತ್ತಿರ ಬಿಡುವುದು. ಬೂದಿ ಎರಡು ದಿನ ಮುಂಚೆ ಮರಿ ಹಾಕಿದ್ದಳು. ಅವಳ ಮರಿಗಳ ನಡುವೆ ಇದನ್ನೂ ಮಲಗಿಸಿ, ಅದೇ ತುಪ್ಪಟ ಮೇಲೆ ಹಾಕಿದೆ. ಮೊಲ ದಿನಕ್ಕೆ ಒಂದೆರಡು ಸಲ, ಅದೂ ಕೆಲವೇ ನಿಮಿಷ ಹಾಲು ಕೊಡುತ್ತದೆ. ಹಾಗಾಗಿ ರಾತ್ರಿಯಿಡೀ ಏನೂ ಗೊತ್ತಾಗಲಿಲ್ಲ. ಬೆಳಿಗ್ಗೆ ಪೆಟ್ಟಿಗೆ ತೆಗೆದು ನೋಡಿದೆ. ಎಲ್ಲಕ್ಕಿಂತ ದಪ್ಪ ತಲೆಯ ಆ ಮರಿಯ ಹೊಟ್ಟೆ ಗುಂಡಗೆ ಉಬ್ಬಿತ್ತು. ತೆಳು ಚರ್ಮದ ಕೆಳಗೆ ಹಾಲು ಬೆಳ್ಳಗೆ ಕಾಣುತ್ತಿತ್ತು.