ಮೊಟ್ಟೆ ಕೋಳಿಗೆ ಹಿಂಡಿ ಬದಲಿಸುವಾಗ ನಾನು ಹಾಕುವ ಲೆಕ್ಕ

ಹಿಂಡಿ ಬದಲಿಸುವಾಗ ಪ್ರೋಟೀನ್ ಅಂಕಿ ಒಂದನ್ನೇ ನಂಬಿದರೆ ಮೊಟ್ಟೆ ಇಳಿಯುತ್ತದೆ. ನಾನು ಮೊದಲು ನೋಡುವುದು ಲೈಸಿನ್. ಅದೂ ಮೆಥಿಯೋನಿನ್ನೂ ಪ್ರೋಟೀನಿನೊಳಗಿನ ಅಮೈನೋ ಆಮ್ಲಗಳು, ಕೋಳಿಗೆ ಫೀಡಿನಿಂದಲೇ ಸಿಗಬೇಕು. ಸೋಯಾ ಹಿಂಡಿಯಲ್ಲಿ ಅದು ಧಾರಾಳ, ಮೆಥಿಯೋನಿನ್ ಕಮ್ಮಿ. ಸೂರ್ಯಕಾಂತಿ ಮತ್ತು ಎಳ್ಳು ಹಿಂಡಿಯದ್ದು ಇದಕ್ಕೆ ಉಲ್ಟಾ. ಶೇಂಗಾ ಹಿಂಡಿಯ ಪ್ರೋಟೀನ್ ಹೆಚ್ಚುಕಮ್ಮಿ ಸೋಯಾದಷ್ಟೇ ಇದ್ದರೂ ಲೈಸಿನ್, ಮೆಥಿಯೋನಿನ್ ಎರಡೂ ಕಮ್ಮಿ, ಹೆಚ್ಚಿನವರು ಎಡವುವುದು ಇಲ್ಲೇ.

100 ಕಿಲೋ ಫೀಡಿನಲ್ಲಿ 5 ಕಿಲೋ ಸೋಯಾ ಹಿಂಡಿ (ಪ್ರೋಟೀನ್ ಶೇ. 46) ತೆಗೆದು ಸೂರ್ಯಕಾಂತಿ ಹಿಂಡಿ (ಶೇ. 30) ಹಾಕುತ್ತೇನೆ ಎಂದಿಟ್ಟುಕೊಳ್ಳಿ. ಹೋಗುವ ಪ್ರೋಟೀನ್ 2.3 ಕಿಲೋ. ಅದನ್ನು ತುಂಬಲು ಸುಮಾರು 7.7 ಕಿಲೋ ಸೂರ್ಯಕಾಂತಿ ಹಿಂಡಿ ಬೇಕು. ಸೋಯಾದ ಜೊತೆ ಸುಮಾರು 140 ಗ್ರಾಂ ಲೈಸಿನ್ ಹೋಯಿತು, ಬಂದದ್ದು 75–80 ಗ್ರಾಂ. ಕೊರತೆ ತುಂಬಲು 80 ಗ್ರಾಂ ಎಲ್-ಲೈಸಿನ್ ಹೈಡ್ರೋಕ್ಲೋರೈಡ್ (ಲೈಸಿನ್ ಪುಡಿ; ಅದು ಪೂರ್ತಿ ಲೈಸಿನ್ ಅಲ್ಲದ್ದರಿಂದ ಕೊರತೆಗಿಂತ ಹೆಚ್ಚು ಬೇಕು) ಸೇರಿಸುತ್ತೇನೆ. ಇಷ್ಟಕ್ಕೇ ಮುಗಿಯಲಿಲ್ಲ. ಹೆಚ್ಚುವರಿ 2.7 ಕಿಲೋಗೆ ಜಾಗ ಬಿಡುವುದು ಮೆಕ್ಕೆಜೋಳ, ಹಾಗಾಗಿ ಶಕ್ತಿ ಕಿಲೋಗೆ 70 ಕಿಲೋಕ್ಯಾಲರಿಯಷ್ಟು ಇಳಿಯುತ್ತದೆ. ಅದನ್ನು ಸರಿದೂಗಿಸಲು ಮತ್ತೆ ಒಂದೂಕಾಲು ಕಿಲೋದಷ್ಟು ಮೆಕ್ಕೆಜೋಳ ತೆಗೆದು ಎಣ್ಣೆ ಹಾಕಬೇಕು. ಇಷ್ಟೂ ಖರ್ಚು ಸೇರಿಸಿದ ಮೇಲೂ ಅಗ್ಗವಾದರೆ ಮಾತ್ರ ಬದಲಿಸಿ.

ಸಿಪ್ಪೆ ಇರುವ ಸೂರ್ಯಕಾಂತಿ ಹಿಂಡಿಯನ್ನು ಶೇ. 10 ದಾಟಿಸುವುದಿಲ್ಲ. ನಾರು ಹೆಚ್ಚಾದರೆ ಫೀಡ್ ಉಬ್ಬುತ್ತದೆ, ಸೆಕೆಗಾಲದಲ್ಲಿ ಕೋಳಿ ಮೊದಲೇ ಕಮ್ಮಿ ತಿನ್ನುತ್ತದೆ, ಹೊಟ್ಟೆ ತುಂಬಿದರೂ ಶಕ್ತಿ ಸಾಲದೆ ಮೊಟ್ಟೆ ಸಣ್ಣದಾಗುತ್ತದೆ. ಎಳ್ಳು ಹಿಂಡಿ ಶೇ. 5ರ ಒಳಗೆ ಸಾಕು. ಅದರ ಫೈಟೇಟ್, ಆಕ್ಸಲೇಟ್‌ಗಳು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವುದರಿಂದ ಚಿಪ್ಪು ತೆಳುವಾಗುವ ಭಯವಿದೆ.

ಸೋಯಾ ಹಿಂಡಿ ಸರಿಯಾಗಿ ಬೆಂದಿದೆಯೇ ಎಂದು ಲೋಡ್ ಬಂದಾಗಲೆಲ್ಲ ನೋಡುತ್ತೇನೆ. ಒಂದು ಹಿಡಿ ನುಣ್ಣಗೆ ಪುಡಿಮಾಡಿ, ಒಂದು ಚಮಚ ಯೂರಿಯಾ ಮತ್ತು ಉಗುರುಬೆಚ್ಚಗಿನ ನೀರು ಹಾಕಿ, ಬಾಟಲಿಯನ್ನು ಬಿಗಿಯಾಗಿ ಮುಚ್ಚಿ 20 ನಿಮಿಷ ಇಡುವುದು. ಮುಚ್ಚಳ ತೆಗೆದಾಗ ಅಮೋನಿಯಾ ಘಾಟು ಮೂಗಿಗೆ ಹೊಡೆದರೆ ಹಿಂಡಿ ಅರೆಬೆಂದಿದೆ. ಅಂದರೆ ಪ್ರೋಟೀನ್ ಜೀರ್ಣಿಸುವ ಟ್ರಿಪ್ಸಿನ್ ಅನ್ನು ತಡೆಯುವ ಅಂಶ ಉಳಿದಿದೆ, ತಿಂದ ಪ್ರೋಟೀನ್ ಹಿಕ್ಕೆಯಲ್ಲಿ ಹೋಗುತ್ತದೆ. ಅತಿಯಾಗಿ ಬೆಂದದ್ದನ್ನು ಈ ಪರೀಕ್ಷೆ ಹಿಡಿಯದು. ಬಣ್ಣ ಕಂದಾಗಿ, ಸುಟ್ಟ ವಾಸನೆ ಇದ್ದರೆ ಲೈಸಿನ್ ಹಾಳಾಗಿದೆ ಎಂದೇ ತಿಳಿಯಿರಿ.

ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷದ ಭಯ. ಬೂಷ್ಟು ಕಣ್ಣಿಗೆ ಕಾಣದಿದ್ದರೂ ವಿಷ ಇರಬಹುದು, ಬಿಸಿ ಮಾಡಿದರೂ ಹೋಗದು. ಲ್ಯಾಬ್ ರಿಪೋರ್ಟ್ ಇಲ್ಲದ ಲೋಡ್ ನಾನು ಇಳಿಸಿಕೊಳ್ಳುವುದಿಲ್ಲ. ಟಾಕ್ಸಿನ್ ಬೈಂಡರ್ (ವಿಷವನ್ನು ಹಿಡಿದಿಡಲು ಫೀಡಿಗೆ ಬೆರೆಸುವ ಪದಾರ್ಥ) ಇದೆಯೆಂದು ಕೆಟ್ಟ ಹಿಂಡಿ ಕೊಳ್ಳುವುದು ತಪ್ಪು. ಗಾಣದ ಹಿಂಡಿಯಲ್ಲಿ ಎಣ್ಣೆ ಉಳಿದಿರುವುದರಿಂದ ಶಕ್ತಿ ಜಾಸ್ತಿ, ಆದರೆ ಬೇಗ ಕಮಟು ಹಿಡಿಯುತ್ತದೆ. ಎರಡು ವಾರಕ್ಕೆ ಬೇಕಾದಷ್ಟೇ ತರಿಸಿ, ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ.

ಅಗಸೆ ಬೀಜದಿಂದ ಮೊಟ್ಟೆಯಲ್ಲಿ ಒಮೆಗಾ-3 ಹೆಚ್ಚುತ್ತದೆ. ಶೇ. 5ರಿಂದ ಶುರುಮಾಡಿ, 10 ದಾಟಿಸಬೇಡಿ, ಜೊತೆಗೆ ವಿಟಮಿನ್ ಇ ಮತ್ತು ಬಿ6 ಹೆಚ್ಚಿಸಿ. ಮೊಟ್ಟೆಗೆ ಮೀನಿನ ವಾಸನೆ ಬಂದರೆ ಪ್ರಮಾಣ ಇಳಿಸಿ. ಸಾಸಿವೆ ಜಾತಿಯ ಹಿಂಡಿಯಲ್ಲೂ ಇದೇ ವಾಸನೆಯ ಕಾಟ, ಅದರಲ್ಲೂ ಕಂದು ಮೊಟ್ಟೆ ಇಡುವ ತಳಿಗಳಲ್ಲಿ. ಹರಳು ಹಿಂಡಿಯಲ್ಲಿ ರಿಸಿನ್ ಎಂಬ ವಿಷವಿದೆ, ಅದು ಫೀಡ್ ಕೋಣೆಯ ಹತ್ತಿರವೂ ಬರಬಾರದು.

ಹತ್ತಿಕಾಳು ಹಿಂಡಿಯನ್ನು ಮೊಟ್ಟೆ ಕೋಳಿಗೆ ನಾನು ಹಾಕುವುದೇ ಇಲ್ಲ. ಅದರಲ್ಲಿರುವ ವಿಷಕಾರಿ ಅಂಶ ಗಾಸಿಪಾಲ್‌ನಿಂದ ಮೊಟ್ಟೆಯ ಹಳದಿ ಭಾಗ ಹಸಿರುಗಂದಾಗುತ್ತದೆ. ಫೆರಸ್ ಸಲ್ಫೇಟ್ ಹಾಕಿ ಅದನ್ನು ತಡೆಯಬಹುದು. ಆದರೆ ಉಳಿದ ಎಣ್ಣೆಯಲ್ಲಿರುವ ಕೊಬ್ಬಿನಾಮ್ಲಗಳಿಂದ ಬಿಳಿ ಭಾಗ ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ಫೆರಸ್ ಸಲ್ಫೇಟ್ ತಡೆಯದು. ಇಟ್ಟ ದಿನ ಒಡೆದು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಬಣ್ಣ ಕೆಡುವುದು ಮೊಟ್ಟೆ ತಣ್ಣಗೆ ಕೆಲವು ವಾರ ಕೂತ ಮೇಲೆ. ಅದಕ್ಕೇ ಯಾವುದೇ ಹೊಸ ಹಿಂಡಿಯನ್ನು 7–10 ದಿನಗಳಲ್ಲಿ ಹಂತಹಂತವಾಗಿ ಹೊಂದಿಸಿದ ಮೇಲೆ ಒಂದು ಟ್ರೇ ಮೊಟ್ಟೆಯನ್ನು ತಣ್ಣಗಿನ ಜಾಗದಲ್ಲಿ ಎತ್ತಿಟ್ಟು, ವಾರಕ್ಕೆ ಐದರಂತೆ ಬಿಳಿ ತಟ್ಟೆಗೆ ಒಡೆದು ನೋಡುತ್ತೇನೆ.