ಕರಡಿನ ಸಾಲು ಯಾರದು? ವ್ಯಾಪಾರ ಒಪ್ಪಂದಗಳನ್ನು ಓದುವ ನನ್ನ ಕ್ರಮ

ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದಗಳ ಮೇಲೆ ದೊಡ್ಡ ಕಂಪನಿಗಳ ಪ್ರಭಾವವಿದೆ ಎಂದು ಹೇಳುವವರು ಬಹಳ ಮಂದಿ. ಯಾವ ವಿಧಿಯಲ್ಲಿ, ಎಷ್ಟರ ಮಟ್ಟಿಗೆ ಎಂದು ಕೇಳಿದರೆ ಉತ್ತರಿಸುವವರು ಕಡಿಮೆ. ಔಷಧ ಪೇಟೆಂಟ್ ಪ್ರಕರಣಗಳ ವಕೀಲಿಕೆಯಿಂದ ಈ ಕಡೆಗೆ ಬಂದ ನಾನು ಬೆಂಗಳೂರಿನಲ್ಲಿ ಕುಳಿತು ಮಾಡುತ್ತಿರುವುದು ಆ ಎರಡನೆಯ ಪ್ರಶ್ನೆಯ ಕೆಲಸ. ಒಪ್ಪಂದದ ಕರಡನ್ನೂ ಉದ್ಯಮ ಸಂಘಗಳ ಮನವಿಗಳನ್ನೂ ಅಕ್ಕಪಕ್ಕದಲ್ಲಿಟ್ಟು ಸಾಲಿಗೆ ಸಾಲು ಹೋಲಿಸುತ್ತೇನೆ.

ಸೋರಿಕೆಯಾದ ಕರಡು ಕೈಗೆ ಸಿಗುವವರೆಗೆ ನಾನು ಕಾಯುವುದಿಲ್ಲ. ಕಂಪನಿಗಳು ತಾವಾಗಿಯೇ ಬಹಿರಂಗವಾಗಿ ಸಲ್ಲಿಸಿದ ಕಾಗದಗಳೇ ನನ್ನ ಆರಂಭ. ಅಮೆರಿಕದ ವ್ಯಾಪಾರ ಪ್ರತಿನಿಧಿ ಕಚೇರಿಯು ಪ್ರತಿವರ್ಷ ಬೇರೆ ದೇಶಗಳ ಬೌದ್ಧಿಕ ಆಸ್ತಿ ರಕ್ಷಣೆಯನ್ನು ಅಳೆಯುವ ‘ಸ್ಪೆಷಲ್ 301’ ವರದಿಯನ್ನು ಸಿದ್ಧಪಡಿಸುವ ಮೊದಲು ಅಭಿಪ್ರಾಯಗಳನ್ನು ಆಹ್ವಾನಿಸುತ್ತದೆ. ಅಲ್ಲಿನ ಔಷಧ ಉದ್ಯಮದ ಸಂಘವು ಆಗ ಸಲ್ಲಿಸುವ ಮನವಿಯಲ್ಲಿ ಯಾವ ದೇಶದಿಂದ ಏನು ಬೇಕು ಎಂಬುದು ವಿವರವಾಗಿ ಇರುತ್ತದೆ. ಭಾರತದ ಭಾಗದಲ್ಲಿ ಪರಿಣಾಮ ಹೆಚ್ಚದಿದ್ದರೆ ಹಳೆಯ ಔಷಧದ ಹೊಸ ರೂಪಕ್ಕೆ ಪೇಟೆಂಟ್ ನಿರಾಕರಿಸುವ ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನ ಬಗ್ಗೆ ಆಕ್ಷೇಪ, ಪೇಟೆಂಟ್ ಹೊಂದಿದವರ ಒಪ್ಪಿಗೆಯಿಲ್ಲದೆಯೂ ಔಷಧ ತಯಾರಿಸಲು ಬೇರೆಯವರಿಗೆ ಕೊಡುವ ಕಡ್ಡಾಯ ಪರವಾನಗಿಯ ಬಗ್ಗೆ ಅಸಮಾಧಾನ, ದತ್ತಾಂಶ ಏಕಸ್ವಾಮ್ಯದ ಬೇಡಿಕೆ ಇವು ಪದೇಪದೇ ಬರುತ್ತವೆ. ಅವರ ನುಡಿಗಟ್ಟು ಬಾಯಿಪಾಠವಾಗುವಷ್ಟು ಓದಿದ ಮೇಲೆಯೇ ನಾನು ಕರಡಿಗೆ ಕೈಹಾಕುವುದು.

ದತ್ತಾಂಶ ಏಕಸ್ವಾಮ್ಯವೆಂದರೆ, ಮೂಲ ಕಂಪನಿ ಸಲ್ಲಿಸಿದ ಪ್ರಯೋಗಗಳ ಫಲಿತಾಂಶವನ್ನು ಆಧರಿಸಿ ಔಷಧ ನಿಯಂತ್ರಕರು ಜೆನೆರಿಕ್ ತಯಾರಕರಿಗೆ ಅನುಮತಿ ನೀಡದಂತೆ ನಿಗದಿತ ಅವಧಿಯವರೆಗೆ ತಡೆಯುವುದು. ಪೇಟೆಂಟ್ ಇಲ್ಲದ ಔಷಧಕ್ಕೂ ಈ ತಡೆ ಅನ್ವಯಿಸುತ್ತದೆ ಎಂಬುದರಲ್ಲಿ ಅದರ ತೂಕವಿದೆ. ಜೀವಕೋಶಗಳಿಂದ ತಯಾರಿಸುವ ಜೈವಿಕ ಔಷಧಗಳಿಗೆ ಅಮೆರಿಕದ 2010ರ ಕಾನೂನು 12 ವರ್ಷಗಳ ಇಂಥ ರಕ್ಷಣೆ ಕೊಟ್ಟಿತು. ಪೆಸಿಫಿಕ್ ಸುತ್ತಲಿನ 12 ದೇಶಗಳ ಟಿಪಿಪಿ ಒಪ್ಪಂದದಲ್ಲಿಯೂ ಅಷ್ಟೇ ಬೇಕೆಂದು ಉದ್ಯಮವು ಪಟ್ಟು ಹಿಡಿಯಿತು. 2013ರ ನವೆಂಬರಿನಲ್ಲಿ ವಿಕಿಲೀಕ್ಸ್ ಹೊರಹಾಕಿದ ಬೌದ್ಧಿಕ ಆಸ್ತಿ ಅಧ್ಯಾಯ ನನ್ನಂಥವರಿಗೆ ಅಮೂಲ್ಯವಾಗಿದ್ದುದು ಅದು ಗುಟ್ಟಿನದೆಂಬ ಕಾರಣಕ್ಕಲ್ಲ. ಯಾವ ಪದವನ್ನು ಯಾವ ದೇಶ ಪ್ರಸ್ತಾಪಿಸಿತು, ಯಾವ ದೇಶ ವಿರೋಧಿಸಿತು ಎಂಬುದು ಆವರಣ ಚಿಹ್ನೆಗಳ ಪಕ್ಕದಲ್ಲಿ ದೇಶಗಳ ಸಂಕೇತಾಕ್ಷರಗಳೊಡನೆ ಕಾಣುತ್ತಿದ್ದುದರಿಂದ. ಇಂಥ ಕರಡುಗಳನ್ನು ಅಮೆರಿಕದ 1974ರ ವ್ಯಾಪಾರ ಕಾಯ್ದೆಯಡಿ ರಚನೆಯಾದ ಸಲಹಾ ಸಮಿತಿಗಳ ಸದಸ್ಯರು ನೋಡಬಹುದಿತ್ತು, ಮತ್ತು ಆ ಸದಸ್ಯರಲ್ಲಿ ಬಹುಪಾಲು ಉದ್ಯಮದವರೇ. ಸಂಸತ್ತಿನ ಬಹುತೇಕ ಸದಸ್ಯರನ್ನೇ ಕತ್ತಲೆಯಲ್ಲಿಟ್ಟು ಕಂಪನಿಗಳಿಗೆ ವಿವರ ತೋರಿಸಲಾಗುತ್ತಿದೆ ಎಂದು ಸೆನೆಟರ್ ರಾನ್ ವೈಡನ್ 2012ರ ಮೇ ತಿಂಗಳಲ್ಲಿ ಸೆನೆಟ್ಟಿನಲ್ಲಿಯೇ ದೂರಿದ್ದರು.

2016ರಲ್ಲಿ ಸಹಿಯಾದ ಪಠ್ಯದಲ್ಲಿ 12 ವರ್ಷಗಳು ಉಳಿಯಲಿಲ್ಲ. ಕನಿಷ್ಠ 8 ವರ್ಷ, ಇಲ್ಲವೇ 5 ವರ್ಷದ ಜೊತೆಗೆ ಇತರ ಕ್ರಮಗಳು ಎಂಬ ರಾಜಿಯಾಯಿತು. 2017ರ ಜನವರಿಯಲ್ಲಿ ಅಮೆರಿಕ ಹೊರನಡೆಯಿತು. ಉಳಿದ 11 ದೇಶಗಳು 2018ರ ಮಾರ್ಚಿನಲ್ಲಿ ಪರಿಷ್ಕೃತ ಒಪ್ಪಂದಕ್ಕೆ ಸಹಿ ಮಾಡುವಾಗ 22 ಅಂಶಗಳನ್ನು ಅಮಾನತಿನಲ್ಲಿಟ್ಟವು. ಈ ಜೈವಿಕ ಔಷಧಗಳ ವಿಧಿಯೂ ಅವುಗಳಲ್ಲೊಂದು. ಪ್ರಸ್ತಾಪಿಸಿದವರು ಎದ್ದು ಹೋದ ಕೂಡಲೇ ಯಾವ ಸಾಲು ಬಿದ್ದುಹೋಗುತ್ತದೆಯೋ ಆ ಸಾಲು ಯಾರಿಗೆ ಬೇಕಾಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನಾನು ಕಂಡಿಲ್ಲ. ಅಂದಿನಿಂದ ಹೊಸ ಒಪ್ಪಂದವನ್ನು ಓದುವಾಗ ಅದರಲ್ಲಿ ಇರುವುದರಷ್ಟೇ ಗಮನವನ್ನು ಹಿಂದಿನ ಕರಡಿನಿಂದ ಬಿಟ್ಟುಹೋದುದರ ಕಡೆಗೂ ಕೊಡುತ್ತಿದ್ದೇನೆ.

ಆದರೂ ಹೋಲಿಕೆಯೊಂದೇ ಪುರಾವೆಯಲ್ಲ. ಪುರಾವೆ ಪೂರ್ತಿಯಾಗಿ ಸಿಗುವ ಪ್ರಕರಣಗಳು ವಿರಳ, ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಆಸ್ತಿ ಒಪ್ಪಂದವಾದ ಟ್ರಿಪ್ಸ್ ಅಂಥದೊಂದು. ಫೈಜರ್‌ನ ಎಡ್ಮಂಡ್ ಪ್ರ್ಯಾಟ್ ಮತ್ತು ಐಬಿಎಂನ ಜಾನ್ ಓಪೆಲ್ ಮುಂದಾಳತ್ವದಲ್ಲಿ 1986ರಲ್ಲಿ ಅಮೆರಿಕದ ಕಂಪನಿಗಳ ಬೌದ್ಧಿಕ ಆಸ್ತಿ ಸಮಿತಿ ರಚನೆಯಾಯಿತು. 1988ರಲ್ಲಿ ಅದು ಯುರೋಪ್ ಮತ್ತು ಜಪಾನಿನ ಉದ್ಯಮ ಒಕ್ಕೂಟಗಳೊಡನೆ ಸೇರಿ, ವಿಶ್ವ ವ್ಯಾಪಾರ ಸಂಸ್ಥೆಗೆ ಮುಂಚಿನ ವ್ಯಾಪಾರ ಒಪ್ಪಂದವಾದ ಗ್ಯಾಟ್‌ಗೆ ಬೇಕಾದ ನಿಯಮಗಳ ಚೌಕಟ್ಟನ್ನು ಪ್ರಕಟಿಸಿತು. ತೊಂಬತ್ತರ ದಶಕದ ಆರಂಭದಲ್ಲಿ ಕರ್ನಾಟಕದ ರೈತ ಸಂಘ ಬೀದಿಗಿಳಿದು ವಿರೋಧಿಸಿದ, ಟ್ರಿಪ್ಸ್ ನಿಯಮಗಳನ್ನೂ ಒಳಗೊಂಡಿದ್ದ ಗ್ಯಾಟ್ ಮಾತುಕತೆಯ ಡಂಕೆಲ್ ಕರಡನ್ನು ಆ ದಾಖಲೆಯ ಪಕ್ಕದಲ್ಲಿಟ್ಟು ಓದಬೇಕೆಂದು ಕಿರಿಯ ಸಹೋದ್ಯೋಗಿಗಳಿಗೆ ನಾನು ಹೇಳುತ್ತಿರುತ್ತೇನೆ.

ಯುರೋಪಿನಲ್ಲಿ ಮತ್ತೊಂದು ಬಗೆಯ ತೊಡಕಿದೆ. ಭಾರತದೊಡನೆ ನಡೆಯುತ್ತಿದ್ದ ಮಾತುಕತೆಗೆ ಸಂಬಂಧಿಸಿ ಯುರೋಪಿಯನ್ ಆಯೋಗವು ಉದ್ಯಮ ಸಂಘಗಳಿಗೆ ಪೂರ್ತಿಯಾಗಿ ಕೊಟ್ಟ ದಾಖಲೆಗಳನ್ನೇ ಕಾರ್ಪೊರೇಟ್ ಯುರೋಪ್ ಅಬ್ಸರ್ವೇಟರಿ ಎಂಬ ಸಂಸ್ಥೆಗೆ ಕೆಲವು ಭಾಗಗಳನ್ನು ಅಳಿಸಿ ಕೊಟ್ಟಿತು. ಸಂಸ್ಥೆ ನ್ಯಾಯಾಲಯಕ್ಕೆ ಹೋಗಿ 2013ರಲ್ಲಿ ಸೋತಿತು, 2015ರಲ್ಲಿ ಮೇಲ್ಮನವಿಯೂ ವಜಾ ಆಯಿತು. ನನ್ನ ದೃಷ್ಟಿಯಲ್ಲಿ ಆ ತೀರ್ಪು ತಪ್ಪು, ಆದರೆ ದಾರಿ ಎಲ್ಲಿ ಮುಚ್ಚಿದೆ ಎಂಬುದನ್ನು ಅದು ನಿಖರವಾಗಿ ತೋರಿಸಿತು.

ನಮ್ಮಲ್ಲಿ ಲಾಬಿ ಮಾಡುವವರು ನೋಂದಾಯಿಸಿಕೊಳ್ಳಬೇಕೆಂಬ ಕಾನೂನೇ ಇಲ್ಲ. ಹೀಗಾಗಿ ಮಾಹಿತಿ ಹಕ್ಕು ಅರ್ಜಿಯೊಂದೇ ಸಾಧನ. ಕರಡನ್ನು ಕೇಳಿದರೆ ವಿದೇಶಗಳೊಡನಿನ ಸಂಬಂಧಕ್ಕೆ ಧಕ್ಕೆಯೆಂಬ 8(1)(ಎ) ಕಲಮನ್ನು ಮುಂದಿಟ್ಟು ನಿರಾಕರಿಸುತ್ತಾರೆ, ಸಭೆಯ ನಡಾವಳಿ ಕೇಳಿದರೆ ವಾಣಿಜ್ಯ ಗೋಪ್ಯತೆಯ 8(1)(ಡಿ). ಅದಕ್ಕಾಗಿ ನಾನು ಸಭೆಯ ದಿನಾಂಕ, ಹಾಜರಿದ್ದ ಸಂಘಗಳ ಹೆಸರು, ಇಷ್ಟನ್ನೇ ಕೇಳುತ್ತೇನೆ. ಕೆಲವೊಮ್ಮೆ ಉತ್ತರ ಬರುತ್ತದೆ. ಆ ದಿನಾಂಕಗಳನ್ನು ಮಾತುಕತೆಯ ಸುತ್ತುಗಳ ದಿನಾಂಕಗಳೊಡನೆ ಜೋಡಿಸಿದಾಗ, ಯಾವ ಸಂಘ ಯಾವ ಸುತ್ತಿಗೆ ಮುಂಚೆ ಬಾಗಿಲು ತಟ್ಟಿತು ಎಂಬುದಾದರೂ ತಿಳಿಯುತ್ತದೆ.

2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ಒಪ್ಪಂದದ ಪಠ್ಯವನ್ನೂ ಇದೇ ಕ್ರಮದಲ್ಲಿ ಓದಿದೆ. ಔಷಧಗಳ ಲಭ್ಯತೆಗೆ ಸ್ವಯಂಪ್ರೇರಿತ ಪರವಾನಗಿಯಂಥ ಮಾರ್ಗವೇ ಹೆಚ್ಚು ಸೂಕ್ತವೆಂದು ಅದರ ಬೌದ್ಧಿಕ ಆಸ್ತಿ ಅಧ್ಯಾಯ ಹೇಳುತ್ತದೆ. ಔಷಧ ಕಂಪನಿಗಳು ಕಡ್ಡಾಯ ಪರವಾನಗಿಯ ವಿರುದ್ಧ ಬಹುಕಾಲದಿಂದ ಹೂಡುತ್ತ ಬಂದ ವಾದವೂ ಇದೇ. ಆದರೆ ಈ ಸಾಲು ಮೊದಲು ಯಾರ ಕರಡಿನಲ್ಲಿತ್ತು ಎಂಬುದಕ್ಕೆ ನನ್ನಲ್ಲಿ ದಾಖಲೆಯಿಲ್ಲದ ಕಾರಣ ಅಭಿಪ್ರಾಯಪತ್ರದಲ್ಲಿ ‘ಹೋಲುತ್ತದೆ’ ಎಂದಷ್ಟೇ ಬರೆದೆ. ಕಡ್ಡಾಯ ಪರವಾನಗಿಗೆ ಅವಕಾಶ ಕೊಡುವ ನಮ್ಮ ಪೇಟೆಂಟ್ ಕಾಯ್ದೆಯ 84ನೇ ಕಲಂ ಅಳಿಸಿಹೋಗಿಲ್ಲ; 2012ರಲ್ಲಿ ನ್ಯಾಟ್ಕೊ ಕಂಪನಿಗೆ ಅದರಡಿ ಪರವಾನಗಿ ದೊರೆತಾಗ ಕ್ಯಾನ್ಸರ್ ಔಷಧವೊಂದರ ತಿಂಗಳ ವೆಚ್ಚ ಸುಮಾರು 2.8 ಲಕ್ಷ ರೂಪಾಯಿಯಿಂದ 8,880 ರೂಪಾಯಿಗೆ ಇಳಿದಿತ್ತು. ಮುಂದೆ ಅಂಥದೇ ಅರ್ಜಿಯೊಂದು ವಿಚಾರಣೆಗೆ ಬಂದಾಗ ಎದುರು ಪಕ್ಷದ ವಕೀಲರು ಬ್ರಿಟನ್ ಒಪ್ಪಂದದ ಈ ಸಾಲನ್ನು ಓದಿ ಹೇಳುತ್ತಾರೆಂದು ಎಣಿಸಿ, ಅದಕ್ಕೆ ಕೊಡಬೇಕಾದ ಉತ್ತರವನ್ನು ಈಗಲೇ ಸಿದ್ಧಪಡಿಸುತ್ತಿದ್ದೇನೆ.